ಔಷಧಿ ಹಾಕಿದರೂ ಚಿಗಟ ಮತ್ತೆ ಮತ್ತೆ ಬರುತ್ತಿದೆ, ತಪ್ಪಿದ್ದು ಎಲ್ಲಿ?

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದು ನಾಯಿ, ಎರಡು ಬೆಕ್ಕು ಇವೆ. ಮೂರು ತಿಂಗಳಿಂದ ಚಿಗಟದ ಕಾಟ. ನಾಯಿಗೆ ಕತ್ತಿನ ಹಿಂದೆ ಬಿಡುವ ಔಷಧಿ ಹಾಕುತ್ತಿದ್ದೇವೆ, ವಾರಕ್ಕೊಮ್ಮೆ ಚಿಗಟದ ಶಾಂಪೂ ಹಾಕಿ ಸ್ನಾನ ಮಾಡಿಸುತ್ತೇವೆ, ಮನೆಗೆಲ್ಲ ಎರಡು ಸಲ ಸ್ಪ್ರೇ ಹೊಡೆಸಿದೆವು. ಎರಡು ವಾರ ಏನೂ ಇರುವುದಿಲ್ಲ, ಆಮೇಲೆ ಮತ್ತೆ ಶುರು. ಬೆಕ್ಕುಗಳ ಮೈಮೇಲೆ ಒಂದೂ ಕಂಡಿಲ್ಲ, ಹಾಗಾಗಿ ಅವಕ್ಕೆ ಏನೂ ಹಾಕಿಲ್ಲ. ಮಗಳ ಕಾಲಿನ ತುಂಬ ಕಚ್ಚಿದ ಗುರುತು. ಔಷಧಿ ನಕಲಿಯಾ? ಇಲ್ಲ ಚಿಗಟಗಳು ಔಷಧಿಗೆ ಒಗ್ಗಿಹೋಗಿವೆಯಾ? ಪ್ರಾಣಿಗಳನ್ನು ಸ್ವಲ್ಪ ದಿನ ಬೇರೆ ಕಡೆ ಬಿಟ್ಟರೆ ಸರಿಹೋಗುತ್ತದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ಬೇಡ, ಪ್ರಾಣಿಗಳನ್ನು ಎಲ್ಲಿಗೂ ಕಳಿಸಬೇಡಿ. ಸರಿಯಾಗಿ ಔಷಧಿ ಬಿದ್ದಿರುವ ನಾಯಿ, ಬೆಕ್ಕು ಮನೆಯಲ್ಲಿ ಓಡಾಡಿಕೊಂಡು ಇರುವುದೇ ಈ ಕಾಟ ಮುಗಿಯುವ ದಾರಿ. ವಿಚಿತ್ರ ಅನ್ನಿಸಬಹುದು, ಯಾಕೆ ಅಂತ ಮುಂದೆ ಹೇಳುತ್ತೇನೆ.

ಔಷಧಿ ನಕಲಿ ಇರಬಹುದು, ಇಲ್ಲ ಅನ್ನುವುದಿಲ್ಲ. ಚಿಗಟ ಔಷಧಿಗೆ ಒಗ್ಗಿಕೊಳ್ಳುವುದೂ ಪೂರ್ತಿ ಸುಳ್ಳಲ್ಲ. ಆದರೆ ನೀವು ಬರೆದಿರುವುದನ್ನು ಓದಿದರೆ ಅಷ್ಟು ದೂರ ಹೋಗಿ ಹುಡುಕಬೇಕಾದ್ದೇ ಇಲ್ಲ. ಎರಡು ಬೆಕ್ಕುಗಳಿಗೆ ಔಷಧಿಯೇ ಬಿದ್ದಿಲ್ಲ ಅಲ್ವಾ? ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಇನ್ನರ್ಧ ನಿಮ್ಮ ನೆಲದಲ್ಲಿ, ಸೋಫಾದ ಸಂದಿಯಲ್ಲಿ, ಬೆಕ್ಕು ಮಲಗುವ ಬಟ್ಟೆಯ ಕೆಳಗೆ ಇದೆ.

ಚಿಗಟ ಅಂದರೆ ನಮಗೆ ಕಾಣಿಸುವುದು ಹಾರುವ, ಕಚ್ಚುವ ಆ ಕಂದು ಹುಳ. ಅದು ಒಟ್ಟು ಲೆಕ್ಕದಲ್ಲಿ ತೀರಾ ಸಣ್ಣ ಭಾಗ. ಸಾಮಾನ್ಯವಾಗಿ ಹೇಳುವ ಅಂದಾಜಿನ ಪ್ರಕಾರ, ಚಿಗಟ ಹತ್ತಿದ ಮನೆಯಲ್ಲಿ ಬೆಳೆದ ಹುಳಗಳು ಶೇಕಡಾ 5ರಷ್ಟು ಮಾತ್ರ. ಉಳಿದ 95 ಭಾಗ ಮೊಟ್ಟೆ, ಮರಿಹುಳ, ಗೂಡು ಕಟ್ಟಿದ ಹುಳ, ಈ ರೂಪಗಳಲ್ಲಿ ಮನೆಯ ತುಂಬ ಹರಡಿರುತ್ತದೆ. ನಾಯಿಯ ಮೈಮೇಲಿನ ಚಿಗಟ ಸತ್ತಿತು ಅಂದರೆ ಆ 5 ಭಾಗದಲ್ಲಿ ಒಂದಿಷ್ಟು ಸತ್ತಿತು ಅಂತ ಅಷ್ಟೇ.

ಇದು ಹೇಗೆ ನಡೆಯುತ್ತದೆ ಅಂದರೆ, ಹೆಣ್ಣು ಚಿಗಟ ಪ್ರಾಣಿಯ ಮೈಗೆ ಹತ್ತಿ ರಕ್ತ ಕುಡಿದ ಒಂದೆರಡು ದಿನದಲ್ಲೇ ಮೊಟ್ಟೆ ಇಡಲು ಶುರುಮಾಡುತ್ತದೆ. ದಿನಕ್ಕೆ 40ರಿಂದ 50ರವರೆಗೂ ಇಡುತ್ತದೆ. ಮೊಟ್ಟೆ ಅಂಟಿಕೊಳ್ಳುವುದಿಲ್ಲ, ಕೂದಲಿನಿಂದ ಜಾರಿ ಕೆಳಗೆ ಬೀಳುತ್ತದೆ. ಹಾಗಾಗಿ ಪ್ರಾಣಿ ಎಲ್ಲಿ ಜಾಸ್ತಿ ಹೊತ್ತು ಮಲಗುತ್ತದೋ, ಎಲ್ಲಿಗೆ ಧುಮುಕುತ್ತದೋ ಅಲ್ಲಿ ಮೊಟ್ಟೆ ಜಾಸ್ತಿ. ಮೊಟ್ಟೆಯಿಂದ ಬರುವ ಮರಿಹುಳಕ್ಕೆ ಬೆಳಕು ಆಗುವುದಿಲ್ಲ. ಅದು ಕಾರ್ಪೆಟ್ಟಿನ ಬುಡಕ್ಕೆ, ಹಲಗೆಯ ಸಂದಿಗೆ, ಮಂಚದ ಕೆಳಗಿನ ದೂಳಿಗೆ ಇಳಿದು, ದೊಡ್ಡ ಚಿಗಟಗಳ ಹಿಕ್ಕೆ ತಿಂದು ಬದುಕುತ್ತದೆ. ಆ ಹಿಕ್ಕೆ ಅಂದರೆ ಒಣಗಿದ ರಕ್ತವೇ. ಹೊಟ್ಟೆ ತುಂಬಿದ ಮೇಲೆ ರೇಷ್ಮೆಯಂಥ ನೂಲಿನಿಂದ ಗೂಡು ಕಟ್ಟಿ ಒಳಗೆ ಕೂರುತ್ತದೆ. ಆ ಗೂಡು ಅಂಟಂಟು. ಸುತ್ತಲಿನ ದೂಳು, ಕೂದಲು, ಮರಳು ಎಲ್ಲ ಅದಕ್ಕೆ ಮೆತ್ತಿಕೊಂಡು, ಕಣ್ಣೆದುರು ಇದ್ದರೂ ಗೊತ್ತಾಗದ ಹಾಗೆ ಇರುತ್ತದೆ.

ನಿಮ್ಮ ತೊಂದರೆ ಇರುವುದು ಈ ಗೂಡಿನಲ್ಲಿ. ಮನೆಗೆ ಹೊಡೆಯುವ ಸ್ಪ್ರೇ ಗೂಡಿನ ಒಳಗೆ ಇಳಿಯುವುದಿಲ್ಲ. ಒಳಗಿನ ಚಿಗಟ ಪೂರ್ತಿ ಬೆಳೆದು ತಯಾರಾಗಿದ್ದರೂ ಹೊರಗೆ ಬರಬೇಕು ಅಂತೇನೂ ಇಲ್ಲ. ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಸುಮ್ನೆ ಕಾಯುತ್ತದೆ. ಯಾರಾದರೂ ಹತ್ತಿರ ನಡೆದ ಅದುರು, ಮೈಯ ಬಿಸಿ, ಉಸಿರಿನಲ್ಲಿ ಬರುವ ಇಂಗಾಲದ ಡೈಆಕ್ಸೈಡ್, ಇವು ಸಿಕ್ಕಿದ ಕೂಡಲೇ ಗೂಡು ಒಡೆದು ಹೊರಗೆ ಹಾರುತ್ತದೆ. ಊರಿಗೆ ಹೋಗಿ ವಾಪಸ್ ಬಂದವರು ಬಾಗಿಲು ತೆಗೆದ ತಕ್ಷಣ ಕಾಲಿಗೆಲ್ಲ ಚಿಗಟ ಮುತ್ತಿತು ಅಂತ ಹೇಳುತ್ತಾರಲ್ಲ, ಅದು ಇದೇ. ಮನೆ ಖಾಲಿ ಇದ್ದಾಗ ಅವು ಸಾಯಲಿಲ್ಲ, ಕಾಯುತ್ತಿದ್ದವು.

ಈಗ ಪ್ರಾಣಿಗಳನ್ನು ಯಾಕೆ ಕಳಿಸಬೇಡಿ ಅಂದೆ ಅಂತ ಗೊತ್ತಾಯಿತಲ್ಲ. ನಾಯಿ, ಬೆಕ್ಕು ಮನೆ ಬಿಟ್ಟು ಹೋದರೆ ಗೂಡುಗಳು ಹಾಗೇ ಕೂತಿರುತ್ತವೆ, ಗೂಡು ಒಡೆದು ಬಂದವು ನಿಮ್ಮನ್ನೂ ಮಗಳನ್ನೂ ಕಚ್ಚುತ್ತವೆ, ಪ್ರಾಣಿಗಳು ವಾಪಸ್ ಬಂದ ದಿನ ಮತ್ತೆ ಎಲ್ಲ ಮೊದಲಿನಿಂದ. ಅದರ ಬದಲು ಔಷಧಿ ಬಿದ್ದಿರುವ ಪ್ರಾಣಿ ಎಂದಿನಂತೆ ಓಡಾಡಿದರೆ, ಗೂಡಿನಿಂದ ಬಂದ ಚಿಗಟ ಅದರ ಮೈಗೇ ಹಾರುತ್ತದೆ, ಮೊಟ್ಟೆ ಇಡುವ ಮೊದಲೇ ಸಾಯುತ್ತದೆ. ಹೊಸ ಮೊಟ್ಟೆ ಬೀಳದಿದ್ದರೆ ನೆಲದಲ್ಲಿರುವ ದಾಸ್ತಾನು ಒಂದಲ್ಲ ಒಂದು ದಿನ ಮುಗಿಯಲೇಬೇಕು.

ಇದು ನಡೆಯಬೇಕಾದರೆ ಷರತ್ತು ಒಂದೇ. ಮನೆಯ ಎಲ್ಲ ಪ್ರಾಣಿಗಳಿಗೂ ಔಷಧಿ ಬೀಳಬೇಕು, ಒಂದು ದಿನವೂ ಸಂದು ಬಿಡಬಾರದು.

ಬೆಕ್ಕುಗಳ ಮೈಮೇಲೆ ಏನೂ ಕಂಡಿಲ್ಲ ಅಂದಿರಿ. ಕಾಣಿಸುವುದು ಕಷ್ಟ. ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತದೆ, ನೆಕ್ಕುವಾಗ ಎಷ್ಟೋ ಚಿಗಟಗಳನ್ನು ನುಂಗಿಬಿಡುತ್ತದೆ. ಇನ್ನೊಂದು ವಿಷಯ: ನಾಯಿಗಳ ಮೈಮೇಲೂ ಹೆಚ್ಚಾಗಿ ಸಿಗುವುದು ಬೆಕ್ಕಿನ ಚಿಗಟವೇ. ಅದರ ವೈಜ್ಞಾನಿಕ ಹೆಸರು ಟೀನೊಸೆಫಾಲಿಡಿಸ್ ಫೆಲಿಸ್. ಅದಕ್ಕೆ ನಾಯಿ, ಬೆಕ್ಕು ಅನ್ನುವ ಭೇದ ಇಲ್ಲ. ಎರಡು ಬೆಕ್ಕುಗಳ ಮೇಲೆ ಸೇರಿ ಹತ್ತೇ ಹತ್ತು ಹೆಣ್ಣು ಚಿಗಟ ಇವೆ ಅಂದುಕೊಳ್ಳಿ. ದಿನಕ್ಕೆ 400 ಮೊಟ್ಟೆ. ನೀವು ನಾಯಿಗೆ ಎಷ್ಟು ದುಬಾರಿ ಔಷಧಿ ಹಾಕಿದರೂ ಇದನ್ನು ತಡೆಯಲು ಆಗುವುದಿಲ್ಲ.

ನಂಬಿಕೆ ಬರದಿದ್ದರೆ ಇವತ್ತೇ ಪರೀಕ್ಷೆ ಮಾಡಿ ನೋಡಿ. ಹೇನು ತೆಗೆಯುವ ಸೀರಣಿಗೆಯಂಥ ಒತ್ತು ಹಲ್ಲಿನ ಬಾಚಣಿಗೆಯಲ್ಲಿ ಬೆಕ್ಕಿನ ಬಾಲದ ಬುಡ, ಬೆನ್ನು, ಕತ್ತು ಬಾಚಿ. ಬಂದ ಕಪ್ಪು ಪುಡಿಯನ್ನು ಒದ್ದೆ ಮಾಡಿದ ಬಿಳಿ ಟಿಶ್ಯೂ ಮೇಲೆ ಉದುರಿಸಿ. ಬರೀ ಕೊಳೆಯಾದರೆ ಹಾಗೇ ಇರುತ್ತದೆ, ಚಿಗಟದ ಹಿಕ್ಕೆಯಾದರೆ ಸ್ವಲ್ಪ ಹೊತ್ತಿನಲ್ಲಿ ಸುತ್ತ ಕೆಂಪು ಕಂದು ಬಣ್ಣ ಹರಡುತ್ತದೆ. ಚಿಗಟವೇ ಸಿಕ್ಕಿದರೆ ಉಗುರಿನಲ್ಲಿ ಹೊಸಕಲು ಹೋಗಬೇಡಿ, ಸೋಪಿನ ನೀರಿಗೆ ಹಾಕಿ.

ಆದರೆ ಒಂದು ಎಚ್ಚರಿಕೆ, ಇದನ್ನು ಮಾತ್ರ ದಯವಿಟ್ಟು ಎರಡು ಸಲ ಓದಿ. ನಾಯಿಗೆ ತಂದ ಔಷಧಿಯಲ್ಲಿ ಉಳಿದ ನಾಲ್ಕು ಹನಿಯನ್ನು ಬೆಕ್ಕಿಗೆ ಬಿಡಬೇಡಿ. ನಾಯಿಗಳ ಔಷಧಿಗಳಲ್ಲಿ ಕೆಲವಕ್ಕೆ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಸೇರಿಸಿರುತ್ತಾರೆ. ಬೆಕ್ಕಿನ ಪಿತ್ತಜನಕಾಂಗಕ್ಕೆ ಅದನ್ನು ಸರಿಯಾಗಿ ಒಡೆದು ಹೊರಹಾಕುವ ಶಕ್ತಿ ಇಲ್ಲ. ಕೆಲವೇ ಗಂಟೆಗಳಲ್ಲಿ ಮೈ ನಡುಕ, ಸೆಳೆತ, ಫಿಟ್ಸ್ ಬರುತ್ತದೆ, ಜೀವವೂ ಹೋಗಬಹುದು. ನಾಯಿಗೆ ಅಂಥ ಔಷಧಿ ಹಾಕಿದ ದಿನ ಬೆಕ್ಕು ಅದನ್ನು ಒರಗಿಕೊಂಡು ಮಲಗಿದರೂ ತೊಂದರೆ ಆಗಬಹುದು. ನಿಮ್ಮ ಮನೆಯಲ್ಲಿ ಎರಡೂ ಇರುವುದರಿಂದ ಪರ್ಮೆಥ್ರಿನ್ ಇರುವ ಔಷಧಿಯನ್ನು ನಾಯಿಗೂ ಬಳಸದಿರುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಈಗಾಗಲೇ ಅಪ್ಪಿತಪ್ಪಿ ಬೆಕ್ಕಿಗೆ ತಗುಲಿದ್ದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು ಹಾಕಿ ತೊಳೆದು ತಕ್ಷಣ ಪಶುವೈದ್ಯರ ಹತ್ತಿರ ಓಡಿ. ನಡುಕ ಶುರುವಾಗಿದ್ದರೆ ತೊಳೆಯುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ.

ಹಾಗಾದರೆ ಯಾವುದು ಹಾಕಬೇಕು? ನಿಮ್ಮ ಪ್ರಾಣಿಗಳನ್ನು ನೋಡದೆ ನಾನು ಚೀಟಿ ಬರೆಯುವುದಿಲ್ಲ, ಆದರೆ ವೈದ್ಯರ ಹತ್ತಿರ ಏನು ಕೇಳಬೇಕು ಅಂತ ಹೇಳಬಲ್ಲೆ. ಫಿಪ್ರೋನಿಲ್, ಇಮಿಡಾಕ್ಲೊಪ್ರಿಡ್, ಸೆಲಾಮೆಕ್ಟಿನ್ ಇವು ಕತ್ತಿನ ಹಿಂದೆ ಬಿಡುವ ಹನಿಗಳಲ್ಲಿ ಸಾಮಾನ್ಯ, ಬೆಕ್ಕುಗಳಿಗೇ ಮಾಡಿದ ಪ್ಯಾಕ್ ಬೇರೆ ಸಿಗುತ್ತದೆ. ಬಾಯಿಗೆ ಕೊಡುವ ಮಾತ್ರೆಗಳಲ್ಲಿ ಅಫೋಕ್ಸೊಲೇನರ್, ಸರೊಲೇನರ್ ತಿಂಗಳಿಗೊಮ್ಮೆ, ಫ್ಲುರಲೇನರ್ ಆದರೆ 12 ವಾರಕ್ಕೊಮ್ಮೆ. ಮೂರು ತಿಂಗಳು ಸೋತು ಕೂತಿರುವ ನಿಮ್ಮಂಥವರ ಮನೆಯ ನಾಯಿಗೆ ನಾನು ಸಾಮಾನ್ಯವಾಗಿ ಮಾತ್ರೆಯ ಕಡೆಗೇ ವಾಲುತ್ತೇನೆ, ಯಾಕೆಂದರೆ ಸ್ನಾನ ಮಾಡಿಸಿದರೆ ತೊಳೆದು ಹೋಗುತ್ತದೆ ಅನ್ನುವ ಚಿಂತೆ ಇಲ್ಲ, ಸರಿಯಾಗಿ ಹಚ್ಚಿದೆವೋ ಇಲ್ಲವೋ ಅನ್ನುವ ಅನುಮಾನವೂ ಇಲ್ಲ. ಆದರೆ ನಾಯಿಗೆ ಮೊದಲು ಯಾವಾಗಲಾದರೂ ಫಿಟ್ಸ್ ಬಂದಿದ್ದರೆ ವೈದ್ಯರಿಗೆ ಮರೆಯದೆ ಹೇಳಿ. ಈ ಗುಂಪಿನ ಮಾತ್ರೆಗಳಿಂದ ಕೆಲವು ಪ್ರಾಣಿಗಳಲ್ಲಿ ನಡುಕ, ಫಿಟ್ಸ್ ಬರಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಎಚ್ಚರಿಸಿದೆ. ಬಹುಪಾಲು ಪ್ರಾಣಿಗಳಿಗೆ ಏನೂ ಆಗುವುದಿಲ್ಲ, ಆದರೂ ಗೊತ್ತಿರಬೇಕು.

ಮೊಲ ಸಾಕಿರುವವರು ಯಾರಾದರೂ ಓದುತ್ತಿದ್ದರೆ, ಫಿಪ್ರೋನಿಲ್ ಮೊಲಕ್ಕೆ ವಿಷ. ಹಾಕಲೇಬೇಡಿ.

ಉಣ್ಣೆಗೆ (ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣುಗು) ಅಂತ ತಂದ ಎಲ್ಲ ಔಷಧಿಯೂ ಚಿಗಟಕ್ಕೆ ಕೆಲಸ ಮಾಡುವುದಿಲ್ಲ. ಅಮಿಟ್ರಾಜ್ ಅಂಥದ್ದು. ಉಣ್ಣೆ, ಕಜ್ಜಿ ಹುಳಕ್ಕೆ ಸರಿ, ಚಿಗಟಕ್ಕೆ ದಂಡ, ಬೆಕ್ಕಿಗಂತೂ ಅಪಾಯ. ಡಬ್ಬಿಯ ಮೇಲೆ ಚಿಗಟ ಅಂತ ಬರೆದಿದೆಯಾ, ಯಾವ ಪ್ರಾಣಿಗೆ, ಎಷ್ಟು ತೂಕಕ್ಕೆ, ಎಷ್ಟು ವಾರ ವಯಸ್ಸಿನ ಮೇಲೆ ಅಂತ ಓದಿಯೇ ತೆಗೆದುಕೊಳ್ಳಿ. ತೂಕ ಅಂದಾಜಿಗೆ ಹೇಳಬೇಡಿ, ತೂಗಿ. ದೊಡ್ಡ ನಾಯಿಗೆ ಸಣ್ಣ ಪ್ಯಾಕ್ ಹಾಕಿ ಕೆಲಸ ಮಾಡಲಿಲ್ಲ ಅನ್ನುವವರು ಬೇಕಾದಷ್ಟು ಜನ.

ಇನ್ನು ನಿಮ್ಮ ವಾರದ ಸ್ನಾನ. ಒಳ್ಳೆಯ ಉದ್ದೇಶವೇ, ಆದರೆ ನೀವು ಹಾಕಿದ ಔಷಧಿಯನ್ನು ನೀವೇ ತೊಳೆಯುತ್ತಿದ್ದೀರಿ. ಕತ್ತಿನ ಹಿಂದೆ ಬಿಡುವ ಎಷ್ಟೋ ಹನಿಗಳು ಚರ್ಮದ ಎಣ್ಣೆಯಂಶದ ಮೂಲಕ ಮೈಯೆಲ್ಲ ಹರಡುತ್ತವೆ. ಶಾಂಪೂ ಆ ಎಣ್ಣೆಯನ್ನೇ ತೆಗೆದುಬಿಡುತ್ತದೆ. ಹನಿ ಹಾಕುವ ಎರಡು ದಿನ ಮೊದಲು, ಎರಡು ದಿನ ಆಮೇಲೆ ಸ್ನಾನ ಬೇಡ, ಆಮೇಲೂ ವಾರ ವಾರ ಬೇಡ. ಹಾಕುವಾಗ ಕೂದಲು ಬಿಡಿಸಿ ಚರ್ಮ ಕಾಣಿಸಬೇಕು, ಹನಿ ಚರ್ಮದ ಮೇಲೇ ಬೀಳಬೇಕು, ಕೂದಲ ಮೇಲಲ್ಲ. ಚಿಗಟದ ಶಾಂಪೂ ಆ ಕ್ಷಣಕ್ಕೆ ಮೈಮೇಲೆ ಇರುವುದನ್ನು ಕೊಲ್ಲುತ್ತದೆ. ಮೈ ಒಣಗಿ ನಾಯಿ ಅದೇ ಹಾಸಿಗೆಗೆ ಹೋಗಿ ಮಲಗಿತು ಅಂದರೆ ಹೊಸವು ಹತ್ತುತ್ತವೆ.

ಈಗ ಮನೆ. ಇಲ್ಲಿ ಜನ ಎರಡು ತಪ್ಪು ಮಾಡುತ್ತಾರೆ: ಒಂದೋ ಮನೆಯ ಮೂಲೆಮೂಲೆಗೂ ವಿಷ ಹೊಡೆಸುತ್ತಾರೆ, ಇಲ್ಲ ಏನೂ ಮಾಡುವುದಿಲ್ಲ. ಮೊದಲು ಪ್ರಾಣಿಗಳು ಎಲ್ಲೆಲ್ಲಿ ಮಲಗುತ್ತವೆ ಅಂತ ಎರಡು ದಿನ ಗಮನಿಸಿ. ಬೆಕ್ಕು ಅಂದರೆ ಬೀರುವಿನ ಮೇಲೆ, ಬಟ್ಟೆ ಇಡುವ ಶೆಲ್ಫಿನಲ್ಲಿ, ಮಂಚದ ಕೆಳಗೆ ಕೂಡ. ನಿಮ್ಮ ಕೆಲಸದ ಮುಕ್ಕಾಲು ಪಾಲು ಅಲ್ಲಿರಲಿ. ಮರಿಹುಳಗಳು ಮೊಟ್ಟೆ ಬಿದ್ದ ಜಾಗದಿಂದ ಬಹಳ ದೂರ ಹೋಗುವುದಿಲ್ಲ, ಹಾಗಾಗಿ ಪ್ರಾಣಿ ಕಾಲಿಡದ ಕೋಣೆಗೆ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಅದೇ ನಿಮ್ಮ ದೊಡ್ಡ ಆಯುಧ. ಮೊಟ್ಟೆ, ಹಿಕ್ಕೆ, ಒಂದಿಷ್ಟು ಮರಿಹುಳ ಎಳೆದುಕೊಳ್ಳುತ್ತದೆ, ಅದರ ಅದುರಿಗೆ ಗೂಡಿನಲ್ಲಿ ಕಾಯುತ್ತಿರುವ ಚಿಗಟಗಳು ಹೊರಗೆ ಬರುತ್ತವೆ. ಬರಲಿ, ಅದೇ ನಮಗೆ ಬೇಕಾದ್ದು. ಮೊದಲ ಎರಡು ವಾರ ದಿನಾ ಮಾಡಿ, ಆಮೇಲೆ ದಿನ ಬಿಟ್ಟು ದಿನ. ಸೋಫಾದ ದಿಂಬು ಎತ್ತಿ ಸಂದಿಯೊಳಗೆ, ಗೋಡೆ ನೆಲ ಸೇರುವ ಅಂಚಿನಲ್ಲಿ, ಕಾರಿನಲ್ಲಿ ನಾಯಿ ಕೂರುವ ಸೀಟಿನಲ್ಲಿ. ಕಸವನ್ನು ಆಗಲೇ ಮನೆಯ ಹೊರಗೆ ಕಟ್ಟಿ ಹಾಕಿ. ವ್ಯಾಕ್ಯೂಮ್ ಇಲ್ಲದಿದ್ದರೆ ಸಂದುಗಳನ್ನು ಬ್ರಷ್ಷಿನಲ್ಲಿ ಉಜ್ಜಿ ಗುಡಿಸಿ, ನಯವಾದ ನೆಲವನ್ನು ಸೋಪಿನ ನೀರಿನಲ್ಲಿ ಒರೆಸಿ. ಕಾರ್ಪೆಟ್ ಇಲ್ಲದ ಮನೆಯಲ್ಲಿ ಈ ಯುದ್ಧ ಅರ್ಧ ಸುಲಭ. ಪ್ರಾಣಿಗಳು ಮಲಗುವ ಬಟ್ಟೆ, ಹೊದಿಕೆ, ಕಾಲೊರಸು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಎತ್ತಿಕೊಂಡು ಹೋಗುವಾಗ ಕೊಡವಬೇಡಿ, ಹಾಗೇ ಮಡಚಿ ಒಯ್ಯಿರಿ, ಇಲ್ಲದಿದ್ದರೆ ಮೊಟ್ಟೆಗಳನ್ನು ನೀವೇ ಮನೆಯೆಲ್ಲ ಚೆಲ್ಲಿದ ಹಾಗೆ. ತೀರಾ ಹಳೆಯದಾದ ಹಾಸಿಗೆಯನ್ನು ಎಸೆದುಬಿಡಿ.

ಮರಿಹುಳಕ್ಕೆ ತೇವ ಬೇಕು. ಗಾಳಿಯಲ್ಲಿ ತೇವಾಂಶ ಶೇಕಡಾ 50ಕ್ಕಿಂತ ಕಡಿಮೆ ಆದರೆ ಅವು ಬದುಕುವುದು ಕಷ್ಟ. ಹಾಗಾಗಿ ಕಿಟಕಿ ತೆಗೆದು ಬಿಸಿಲು, ಗಾಳಿ ಬಿಡಿ, ದಿಂಬು, ಚಾಪೆ ಹೊರಗೆ ಒಣಗಲು ಹಾಕಿ.

ಸ್ಪ್ರೇ ಬೇಕಾ ಬೇಡವಾ? ನಿಮ್ಮ ಮನೆಗೆ ಇನ್ನೊಂದು ಸಲ ಹೊಡೆಸಬಹುದು, ಆದರೆ ಏನು ಹೊಡೆಯುತ್ತಾರೆ ಅಂತ ಕೇಳಿ. ಬರೀ ಹುಳ ಕೊಲ್ಲುವ ವಿಷ ಸಾಲದು. ಅದರ ಜೊತೆ ಮೆಥೊಪ್ರೀನ್ ಅಥವಾ ಪೈರಿಪ್ರಾಕ್ಸಿಫೆನ್ ಇರಬೇಕು. ಇವು ಮೊಟ್ಟೆ ಒಡೆಯದಂತೆ, ಮರಿಹುಳ ಬೆಳೆದು ದೊಡ್ಡ ಚಿಗಟ ಆಗದಂತೆ ತಡೆಯುತ್ತವೆ, ಮನೆಯೊಳಗೆ ತಿಂಗಳುಗಟ್ಟಲೆ ಕೆಲಸ ಮಾಡುತ್ತವೆ. ನಿಮಗೆ ಎರಡು ವಾರ ಬಿಡುವು ಸಿಕ್ಕಿ ಮತ್ತೆ ಶುರುವಾಗುತ್ತಿದೆಯಲ್ಲ, ಅದಕ್ಕೆ ಕಾರಣ ಗೂಡುಗಳಲ್ಲಿ ಉಳಿದವು ಒಂದು ಕಡೆ, ಬೆಕ್ಕುಗಳಿಂದ ದಿನಾ ಬೀಳುವ ಹೊಸ ಮೊಟ್ಟೆ ಇನ್ನೊಂದು ಕಡೆ. ಹೊಡೆಯುವ ಮೊದಲು ಚೆನ್ನಾಗಿ ವ್ಯಾಕ್ಯೂಮ್ ಮಾಡಿ. ಕೋಣೆಯ ನಡುವೆ ಇಟ್ಟು ಹೊಗೆ ಬಿಡುವ ಡಬ್ಬಿಗಳ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಮೇಲೆ ಏಳುವ ಹೊಗೆ ಮಂಚದ ಕೆಳಗೆ, ಸೋಫಾದ ಅಡಿಗೆ ಹೋಗುವುದೇ ಇಲ್ಲ, ಚಿಗಟ ಇರುವುದು ಅಲ್ಲೇ. ಹೊಡೆದ ಜಾಗ ಪೂರ್ತಿ ಒಣಗುವವರೆಗೆ ಮಗಳು, ಬೆಕ್ಕು, ನಾಯಿ ಯಾರೂ ಒಳಗೆ ಬರಬಾರದು. ಮೀನಿನ ತೊಟ್ಟಿ ಇದ್ದರೆ ಮುಚ್ಚಿ, ಪಂಪು ನಿಲ್ಲಿಸಿ. ಈ ವಿಷಗಳಿಗೆ ಮೀನು ಬಹಳ ಬೇಗ ಸಾಯುತ್ತದೆ.

ಮನೆಮದ್ದಿನ ವಿಷಯ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಯಾಕೆಂದರೆ ಯಾರಾದರೂ ಹೇಳೇ ಹೇಳುತ್ತಾರೆ. ಬೆಳ್ಳುಳ್ಳಿ ತಿನ್ನಿಸಬೇಡಿ, ನಾಯಿ ಬೆಕ್ಕುಗಳ ಕೆಂಪು ರಕ್ತಕಣ ಒಡೆಯುತ್ತದೆ, ಚಿಗಟಕ್ಕೆ ಏನೂ ಆಗುವುದಿಲ್ಲ. ಟೀ ಟ್ರೀ ಎಣ್ಣೆ ಹಚ್ಚಬೇಡಿ. ಸೀಮೆಎಣ್ಣೆ, ಫಿನೈಲ್ ಮೈಗೆ ಸವರುವುದಂತೂ ಕ್ರೌರ್ಯ. ಮನೆಮದ್ದಿನಲ್ಲಿ ನಿಜಕ್ಕೂ ಕೆಲಸ ಮಾಡುವುದು ಬಾಚಣಿಗೆ ಮತ್ತು ಸೋಪಿನ ನೀರು. ಔಷಧಿ ಹಾಕಲು ಆಗದಷ್ಟು ಚಿಕ್ಕ ಮರಿಗಳಿಗೆ ಅದೇ ಗತಿ. ಮರಿಗಳ ವಿಷಯದಲ್ಲಿ ತಡ ಮಾಡಬೇಡಿ, ಚಿಗಟ ಜಾಸ್ತಿ ಆದರೆ ರಕ್ತ ಕಡಿಮೆಯಾಗಿ ಮರಿ ಸಾಯಬಹುದು. ಒಸಡು ಬಿಳಿಚಿಕೊಂಡಿದ್ದರೆ ಅವತ್ತೇ ವೈದ್ಯರಿಗೆ ತೋರಿಸಿ.

ಹೊರಗಡೆ ಎಷ್ಟು ಮಾಡಬೇಕು? ಬಿಸಿಲು ಬೀಳುವ ಬಯಲಿನಲ್ಲಿ ಮರಿಹುಳ ಬದುಕುವುದಿಲ್ಲ. ನೆರಳಿದ್ದು ತೇವ ಇರುವ, ನಾಯಿ ಮಲಗುವ ಜಾಗ, ಮೆಟ್ಟಿಲಿನ ಕೆಳಗೆ, ಗಿಡದ ಬುಡ, ಹಳೆಯ ಸಾಮಾನು ಇಟ್ಟ ಶೆಡ್ಡು, ಇಷ್ಟು ಗುಡಿಸಿ ತೆರವು ಮಾಡಿದರೆ ಸಾಕು. ಹೊರಗಿನ ಬೆಕ್ಕು ಬಂದು ಅಲ್ಲಿ ಮಲಗುತ್ತಿದೆಯಾ ನೋಡಿ. ಎಲ್ಲ ಸರಿ ಮಾಡಿಯೂ ಮುಗಿಯದ ಮನೆಗಳಲ್ಲಿ ಕಾರಣ ಎಷ್ಟೋ ಸಲ ಇದೇ ಆಗಿರುತ್ತದೆ. ನಿಮ್ಮ ಬೆಕ್ಕುಗಳು ಹೊರಗೆ ಸುತ್ತುವುದಾದರೆ ವರ್ಷವಿಡೀ ಔಷಧಿ ಬೇಕಾಗುತ್ತದೆ.

ಇಷ್ಟೆಲ್ಲ ಶುರು ಮಾಡಿದ ಮೇಲೆ ಏನಾಗುತ್ತದೆ ಅಂತ ಮೊದಲೇ ಹೇಳುತ್ತೇನೆ, ಇಲ್ಲದಿದ್ದರೆ ಮೂರನೇ ವಾರ ನೀವು ನನ್ನನ್ನೂ ಬೈದು ಔಷಧಿ ಬದಲಾಯಿಸುತ್ತೀರಿ. ಮೊದಲ ಕೆಲವು ವಾರ ಚಿಗಟ ಕಾಣುತ್ತಲೇ ಇರುತ್ತವೆ, ಕೆಲವು ದಿನ ಹಿಂದಿಗಿಂತ ಜಾಸ್ತಿ ಅನ್ನಿಸಬಹುದು. ಅವು ಔಷಧಿಗೆ ಬಗ್ಗದವು ಅಲ್ಲ. ಹಿಂದಿನ ತಿಂಗಳು ಬಿದ್ದ ಮೊಟ್ಟೆಗಳು ಇವತ್ತು ಗೂಡು ಒಡೆದು ಬರುತ್ತಿವೆ. ನಾಯಿಯ ಮೈಗೆ ಹತ್ತಿ ಸಾಯಲು ಅವಕ್ಕೂ ಒಂದಿಷ್ಟು ಗಂಟೆ ಬೇಕು, ಆ ಹೊತ್ತಿನಲ್ಲಿ ನಿಮ್ಮ ಕಣ್ಣಿಗೆ ಬಿದ್ದಿರುತ್ತವೆ. ವಾರಕ್ಕೊಂದು ದಿನ ಮೂರೂ ಪ್ರಾಣಿಗಳನ್ನು ಬಾಚಿ, ಸಿಕ್ಕಿದ್ದನ್ನು ಎಣಿಸಿ ಬರೆದಿಡಿ. ಬಿಳಿ ಕಾಲುಚೀಲ ಹಾಕಿಕೊಂಡು ಕೋಣೆಗಳಲ್ಲಿ ನಡೆದು ನೋಡಿದರೆ ಯಾವ ಕೋಣೆಯಲ್ಲಿ ಇನ್ನೂ ಇದೆ ಅಂತ ಗೊತ್ತಾಗುತ್ತದೆ. ಲೆಕ್ಕ ಇಳಿಯುತ್ತಿದ್ದರೆ ಮುಂದುವರಿಸಿ. ಎರಡು ತಿಂಗಳು ಕಳೆದರೂ ಇಳಿಯದಿದ್ದರೆ ಆಗ ಔಷಧಿಯ ಬಗ್ಗೆ ಅನುಮಾನ ಪಡೋಣ. ಒಂದೂ ಕಾಣದ ದಿನ ಬಂತು ಅಂತ ಔಷಧಿ ನಿಲ್ಲಿಸಬೇಡಿ. ಕಡಿಮೆ ಅಂದರೂ ಮೂರು ತಿಂಗಳು, ತಾರೀಖು ತಪ್ಪದೆ, ಫೋನಿನಲ್ಲಿ ಅಲಾರಂ ಇಟ್ಟುಕೊಂಡು ಹಾಕಿ.

ಚಿಗಟ ಒಂದೂ ಸಿಗದೆ ನಾಯಿ ಮಾತ್ರ ಸೊಂಟ, ಬಾಲದ ಬುಡ ಕಚ್ಚಿಕೊಂಡು ಕೂದಲು ಉದುರಿಸಿಕೊಳ್ಳುತ್ತಿದ್ದರೆ ಅದು ಚಿಗಟದ ಎಂಜಲಿಗೆ ಆಗುವ ಅಲರ್ಜಿ ಇರಬಹುದು. ಅದಕ್ಕೆ ಒಂದೆರಡು ಕಡಿತ ಸಾಕು. ಅಂಥ ನಾಯಿಗೆ ತುರಿಕೆ ಇಳಿಸುವ ಔಷಧಿ ಬೇರೆ ಬೇಕಾಗುತ್ತದೆ.

ಮಗಳ ಬಗ್ಗೆ ಹೆದರಬೇಡಿ. ಈ ಚಿಗಟಗಳು ಮನುಷ್ಯರ ಮೈಮೇಲೆ ಮನೆ ಮಾಡುವುದಿಲ್ಲ, ಕಚ್ಚಿ ಹೋಗುತ್ತವೆ. ಕಚ್ಚಿದ ಜಾಗವನ್ನು ಸೋಪಿನಲ್ಲಿ ತೊಳೆದು ತಣ್ಣೀರ ಬಟ್ಟೆ ಇಡಿ, ಕ್ಯಾಲಮೈನ್ ಹಚ್ಚಬಹುದು, ಉಗುರು ಚಿಕ್ಕದಾಗಿ ಕತ್ತರಿಸಿ. ಕೆರೆದು ಕೀವು ಆದರೆ, ಇಲ್ಲ ಜ್ವರ, ತಲೆನೋವು, ಮೈಮೇಲೆ ಗುಳ್ಳೆ ಬಂದರೆ ವೈದ್ಯರಿಗೆ ತೋರಿಸಿ, ಮನೆಯಲ್ಲಿ ಚಿಗಟ ಇದೆ ಅಂತ ತಪ್ಪದೆ ಹೇಳಿ. ಚಿಗಟದಿಂದ ಹರಡುವ ಕೆಲವು ಜ್ವರಗಳಿವೆ, ಅವರು ಆ ದಿಕ್ಕಿನಲ್ಲಿ ಯೋಚಿಸಲು ಅನುಕೂಲ ಆಗುತ್ತದೆ.

ಪಶುವೈದ್ಯರ ಹತ್ತಿರ ಹೋದಾಗ ಮೂರೂ ಪ್ರಾಣಿಗಳಿಗೆ ಲಾಡಿಹುಳುವಿನ ಔಷಧಿಯನ್ನೂ ಕೇಳಿ. ಚಿಗಟದ ಮರಿಹುಳಗಳು ಲಾಡಿಹುಳುವಿನ ಮೊಟ್ಟೆ ತಿಂದಿರುತ್ತವೆ, ದೊಡ್ಡದಾದ ಆ ಚಿಗಟವನ್ನು ನಾಯಿ ಬೆಕ್ಕು ನುಂಗಿದಾಗ ಹುಳು ಕರುಳಿಗೆ ಸೇರುತ್ತದೆ. ಮಲದಲ್ಲಿ ಅಥವಾ ಬಾಲದ ಕೆಳಗೆ ಅಕ್ಕಿ ಕಾಳಿನಂಥ ತುಂಡುಗಳು ಕಂಡರೆ ಅದೇ. ಪ್ರಾಜಿಕ್ವಾಂಟೆಲ್ ಅದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಚಿಗಟ ಪೂರ್ತಿ ಹೋಗುವ ಮುಂಚೆ ಕೊಟ್ಟಿದ್ದರೆ, ಹೋದ ಮೇಲೆ ಇನ್ನೊಂದು ಸಲ ಕೊಡಬೇಕಾಗಬಹುದು.